ಇಷ್ಟು ಖರ್ಚಾಗಿದೆ, ಈಗ ಬಿಡುವುದು ಹೇಗೆ?

"ಇಷ್ಟು ಖರ್ಚು ಮಾಡಿ ಆಗಿದೆ, ಈಗ ಬಿಟ್ಟರೆ ಹೇಗೆ?" ಈ ಮಾತು ಕೇಳಿಬರದ ಮನೆ ಇಲ್ಲ. ಹಳೆಯ ಸ್ಕೂಟರನ್ನು ಮೂರನೇ ಸಲ ಗ್ಯಾರೇಜಿಗೆ ಬಿಡುವಾಗ ಕೇಳಿಬರುತ್ತದೆ. ನೀರು ಸಿಗದ ಬೋರ್‌ವೆಲ್ಲನ್ನು ಇನ್ನೂ ನೂರು ಅಡಿ ಇಳಿಸುವಾಗ ಕೇಳಿಬರುತ್ತದೆ. ಮಗ ಓದಲು ಮನಸ್ಸಿಲ್ಲದ ಕೋರ್ಸಿನಲ್ಲಿ ಎರಡನೇ ವರ್ಷದ ಫೀಸು ಕಟ್ಟುವಾಗ, ಮನಸ್ಸೊಪ್ಪದ ಸಂಬಂಧವನ್ನು ಶಾದಿಮಹಲ್‌ಗೆ ಮುಂಗಡ ಕೊಟ್ಟಾಗಿದೆ ಎಂಬ ಕಾರಣಕ್ಕೆ ಮುಂದುವರಿಸುವಾಗಲೂ ಇದೇ ಮಾತು. ಹೇಳುವವರು ದುಂದುಗಾರರಲ್ಲ. ಹೆಚ್ಚಾಗಿ ಮನೆಯಲ್ಲಿ ಒಂದೊಂದು ರೂಪಾಯಿಗೂ ಲೆಕ್ಕ ಇಡುವವರ ಬಾಯಿಂದಲೇ ಈ ಮಾತು ಬರುತ್ತದೆ. ಆದರೆ ಲೆಕ್ಕ ತಪ್ಪುವುದೂ ಅಲ್ಲಿಯೇ.

ಒಂದು ಸಣ್ಣ ಉದಾಹರಣೆಯಿಂದ ಹೊರಡೋಣ. ಹೋಟೆಲಿಗೆ ಹೋದಾಗ ಹಸಿವಿಗಿಂತ ಹೆಚ್ಚು ತರಿಸಿಬಿಟ್ಟಿದ್ದೇವೆ. ಹೊಟ್ಟೆ ತುಂಬಿದೆ, ತಟ್ಟೆಯಲ್ಲಿ ಇನ್ನೂ ಉಳಿದಿದೆ. "ದುಡ್ಡು ಕೊಟ್ಟಿದ್ದೇವೆ, ತಿಂದು ಮುಗಿಸಿ" ಎಂದು ಮಕ್ಕಳಿಗೆ ಹೇಳುತ್ತೇವೆ. ಅನ್ನ ಬಿಡುವುದು ಇಸ್ರಾಫ್ ಅಲ್ಲವೇ ಎಂಬ ಪ್ರಶ್ನೆಯೂ ಜೊತೆಗೆ ಬರುತ್ತದೆ. ಪ್ರಶ್ನೆ ಸರಿಯೇ. ಆದರೆ ಆ ಇಸ್ರಾಫ್ ನಡೆದದ್ದು ಬೇಕಾದ್ದಕ್ಕಿಂತ ಹೆಚ್ಚು ತರಿಸಿದ ಗಳಿಗೆಯಲ್ಲಿ. ತುಂಬಿದ ಹೊಟ್ಟೆಗೆ ಮತ್ತೆ ತುರುಕಿದರೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಹೊಟ್ಟೆನೋವಿನ ಮಾತ್ರೆಯ ಖರ್ಚು ಸೇರಿಕೊಂಡೀತು ಅಷ್ಟೆ. ಕಟ್ಟಿಸಿಕೊಂಡು ಹೋಗಿ ರಾತ್ರಿಗೆ ಇಟ್ಟರೆ ಅಥವಾ ಹಸಿದವರೊಬ್ಬರಿಗೆ ಕೊಟ್ಟರೆ ಮುಂದೆ ಏನಾದರೂ ಪ್ರಯೋಜನ ಉಂಟು. ಕೊಟ್ಟ ಹಣ ಕೊಟ್ಟಾಗಿದೆ. ಈಗ ಉಳಿದಿರುವುದು ತಟ್ಟೆಯಲ್ಲಿರುವುದನ್ನು ಏನು ಮಾಡುವುದು ಎಂಬ ಪ್ರಶ್ನೆ ಮಾತ್ರ.

ಲೆಕ್ಕಶಾಸ್ತ್ರದವರು ಇಂಥ ಹಣಕ್ಕೆ "ಸಂಕ್ ಕಾಸ್ಟ್" ಎನ್ನುತ್ತಾರೆ, ಅಂದರೆ ಮುಳುಗಿದ ಖರ್ಚು. ಯಾವ ದಾರಿ ಹಿಡಿದರೂ ಅದು ವಾಪಸು ಬರುವುದಿಲ್ಲ. ಇದಕ್ಕೆ ಎದುರಾಗಿ ಇರುವುದು ನಿರ್ಧಾರಕ್ಕೆ ಸಂಬಂಧಪಟ್ಟ ಖರ್ಚು. ಒಂದು ಖರ್ಚು ಈ ಎರಡನೇ ಗುಂಪಿಗೆ ಸೇರಬೇಕಾದರೆ ಅದು ಮುಂದೆ ಬರುವಂಥದ್ದಾಗಿರಬೇಕು, ಮತ್ತು ನಮ್ಮ ಮುಂದಿರುವ ದಾರಿಗಳಲ್ಲಿ ಒಂದನ್ನು ಹಿಡಿದರೆ ಒಂದು ಮೊತ್ತ, ಇನ್ನೊಂದನ್ನು ಹಿಡಿದರೆ ಇನ್ನೊಂದು ಮೊತ್ತ ಆಗುವಂಥದ್ದಾಗಿರಬೇಕು. ಮುಂದೆ ಬರುವ ಖರ್ಚೇ ಆದರೂ ಎರಡೂ ದಾರಿಯಲ್ಲಿ ಅದು ಅಷ್ಟೇ ಇದ್ದರೆ ಆಯ್ಕೆಯ ತಕ್ಕಡಿಯಲ್ಲಿ ಅದನ್ನು ಇಡುವ ಅಗತ್ಯವಿಲ್ಲ. ಎರಡನೇ ಮಾತನ್ನು ಜನ ಬೇಗ ಮರೆಯುತ್ತಾರೆ.

ಇದು ನಮ್ಮ ಊರಿನವರ ಸ್ವಭಾವ ಮಾತ್ರ ಅಲ್ಲ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಇಡೀ ವರ್ಷದ ನಾಟಕಗಳ ಟಿಕೆಟನ್ನು ಕೆಲವರಿಗೆ ಪೂರ್ತಿ ಬೆಲೆ 15 ಡಾಲರಿಗೆ ಮಾರಿದರು. ಇನ್ನು ಕೆಲವರಿಗೆ ಅವರು ಕೇಳದೆಯೇ ರಿಯಾಯಿತಿ ಕೊಟ್ಟು 13 ಡಾಲರಿಗೂ 8 ಡಾಲರಿಗೂ ಕೊಟ್ಟರು. ನಾಟಕ ಎಲ್ಲರಿಗೂ ಅದೇ, ಟಿಕೆಟ್ ಎಲ್ಲರ ಜೇಬಿನಲ್ಲೂ ಇದೆ. ಆದರೂ ಪೂರ್ತಿ ಬೆಲೆ ಕೊಟ್ಟವರು ವರ್ಷದ ಮೊದಲರ್ಧದಲ್ಲಿ ಉಳಿದವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ಹೆಚ್ಚು ಕೊಟ್ಟ ಹಣ ಅವರನ್ನು ಮನೆಯಿಂದ ಎಬ್ಬಿಸಿ ಕಳಿಸುತ್ತಿತ್ತು. ವರ್ಷದ ಕೊನೆಯರ್ಧಕ್ಕೆ ಬರುವಾಗ ಆ ಒತ್ತಡ ಬಹಳಷ್ಟು ಇಳಿದಿತ್ತು.

ಅಂಗಡಿಯವರ ಲೆಕ್ಕ

ನಮ್ಮ ಸಮುದಾಯದಲ್ಲಿ ವ್ಯಾಪಾರ ಮಾಡುವವರು ಹೆಚ್ಚು. ಆದ್ದರಿಂದ ಅಂಗಡಿಯ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಒಬ್ಬ ಬಟ್ಟೆ ವ್ಯಾಪಾರಿ ರಮಝಾನ್‌ಗೆ ಮುಂಚೆ ಚೂಡಿದಾರ್ ಸೆಟ್‌ಗಳನ್ನು ಒಂದಕ್ಕೆ 850 ರೂಪಾಯಿಯಂತೆ ತಂದರು. ಈದ್ ಕಳೆಯಿತು, 20 ಸೆಟ್ ಉಳಿಯಿತು. ಸಂತೆ ವ್ಯಾಪಾರಿಯೊಬ್ಬರು ಬಂದು ಒಂದಕ್ಕೆ 500ರಂತೆ ಎಲ್ಲವನ್ನೂ ಎತ್ತುತ್ತೇನೆ ಎನ್ನುತ್ತಾರೆ. ಒಟ್ಟು 10,000 ರೂಪಾಯಿ. "850ಕ್ಕೆ ತಂದ ಮಾಲು, 500ಕ್ಕೆ ಕೊಡಲು ನನಗೇನು ಹುಚ್ಚೇ?" ಎಂದು ವ್ಯಾಪಾರಿ ಅವರನ್ನು ಸಾಗಹಾಕುತ್ತಾರೆ. ಆದರೆ 850 ಎಂಬುದು ಸೂರತ್‌ನದೋ ಬೆಂಗಳೂರಿನ ಚಿಕ್ಕಪೇಟೆಯದೋ ಸಗಟು ವ್ಯಾಪಾರಿಯ ಕೈ ಸೇರಿ ತಿಂಗಳುಗಳಾಗಿವೆ. ಈಗ ಕೇಳಬೇಕಾದ್ದು ಇಷ್ಟೇ: ಇಟ್ಟುಕೊಂಡರೆ ಇದರಿಂದ ಮುಂದೆ ಎಷ್ಟು ಬರುತ್ತದೆ? ಮುಂದಿನ ರಮಝಾನ್‌ಗೆ ಹೊಸ ನಮೂನೆ ಬಂದಿರುತ್ತದೆ. ಹತ್ತು ಸೆಟ್ 700ರಂತೆ ಹೋದೀತು, ಉಳಿದ ಹತ್ತು 300ಕ್ಕೆ ಹೋದೀತು ಎಂದು ಅಂದಾಜು ಮಾಡೋಣ. ಅದೂ 10,000ವೇ. ಆದರೆ ಅದು ಸುಮಾರು ಹನ್ನೊಂದು ತಿಂಗಳ ನಂತರ ಬರುವ ಹಣ. ಇಂದಿನ 10,000ದಿಂದ ಜೂನ್ ತಿಂಗಳಿಗೆ ಶಾಲಾ ಸಮವಸ್ತ್ರ ತಂದು ಒಂದು ಸುತ್ತು ತಿರುಗಿಸಬಹುದು. ಕಪಾಟಿನ ಜಾಗವೂ ಖಾಲಿಯಾಗುತ್ತದೆ. ಹೀಗೆ ನೋಡಿದರೆ 500 ಒಳ್ಳೆಯ ಬೆಲೆ. ಬಕ್ರೀದ್‌ಗೆ 650ರಂತೆ ಹೋಗುವ ಭರವಸೆ ಇದ್ದರೆ ಇಟ್ಟುಕೊಳ್ಳುವುದೇ ಸರಿ ಎನ್ನಿಸಬಹುದು. ಎರಡರಲ್ಲಿ ಯಾವುದೇ ಆಗಲಿ, 850 ಎಂಬ ಅಂಕಿ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ನಮ್ಮ ವ್ಯಾಪಾರಿಗಳಿಗೆ ಇದು ಹೊಸ ವಿದ್ಯೆಯೂ ಅಲ್ಲ. ವ್ಯಾಪಾರದ ಸರಕಿಗೆ ಝಕಾತ್ ಲೆಕ್ಕ ಹಾಕುವಾಗ ಬಹುಪಾಲು ಉಲಮಾಗಳು ಹೇಳುವುದು, ಝಕಾತ್ ಬಾಧ್ಯತೆಯಾಗುವ ದಿನ ಸರಕಿಗೆ ಮಾರುಕಟ್ಟೆಯಲ್ಲಿ ಇರುವ ಬೆಲೆಯನ್ನು ಹಿಡಿಯಬೇಕು ಎಂದು, ತಂದ ಬೆಲೆಯನ್ನಲ್ಲ. ಬೆಲೆ ಬಿದ್ದಿದ್ದರೆ ಬಿದ್ದ ಬೆಲೆ, ಏರಿದ್ದರೆ ಏರಿದ ಬೆಲೆ, ಅದರ ಶೇಕಡಾ ಎರಡೂವರೆ. ಅಂಗಡಿಯ ಕಪಾಟು, ತಕ್ಕಡಿ, ಫ್ಯಾನು ಮಾರಲು ಇಟ್ಟವಲ್ಲವಾದ್ದರಿಂದ ಅವು ಲೆಕ್ಕಕ್ಕೆ ಬರುವುದಿಲ್ಲ. ವರ್ಷಕ್ಕೊಮ್ಮೆ ಇಷ್ಟು ಸ್ಪಷ್ಟವಾಗಿ ಇಂದಿನ ಬೆಲೆಯನ್ನು ನೋಡುವ ಅದೇ ವ್ಯಾಪಾರಿ ಉಳಿದ ದಿನಗಳಲ್ಲಿ ತಂದ ಬೆಲೆಯ ಚೀಟಿ ಹಿಡಿದು ಕೂರುತ್ತಾರೆ ಎಂಬುದೇ ಸೋಜಿಗ.

ಇನ್ನೊಂದು ಉದಾಹರಣೆ ಬಿರಿಯಾನಿ ಮಾಡಿಕೊಡುವ ಬಾವರ್ಚಿಯದು. ಅವರ ಸಾಮಾನ್ಯ ದರ ಪ್ಲೇಟಿಗೆ 180 ರೂಪಾಯಿ. ಅಕ್ಕಿ, ಮಾಂಸ, ಮಸಾಲೆ, ಸೌದೆ ಸೇರಿ ಪ್ಲೇಟಿಗೆ 95 ಬೀಳುತ್ತದೆ. ಆ ದಿನ ಕರೆಸುವ ಆಳುಗಳ ಕೂಲಿ 10. ಶೆಡ್ಡಿನ ಬಾಡಿಗೆ, ದೇಗ್‌ಗಳು, ಗಾಡಿಯ ಕಂತು ಎಲ್ಲವನ್ನೂ ಹಂಚಿದರೆ ಪ್ಲೇಟಿಗೆ 40. ಒಟ್ಟು 145. ಒಂದು ಮಂಗಳವಾರ ಯಾವುದೋ ಶಾಲೆಯವರು 100 ಪ್ಲೇಟ್ ಬೇಕು, 130ರಂತೆ ಕೊಡುತ್ತೇವೆ ಎನ್ನುತ್ತಾರೆ. 145 ಬೀಳುವುದನ್ನು 130ಕ್ಕೆ ಕೊಟ್ಟರೆ ನಷ್ಟವಲ್ಲವೇ?

ಅಲ್ಲ. ಮಂಗಳವಾರ ಒಲೆ ಹಚ್ಚದಿದ್ದರೂ ಶೆಡ್ಡಿನ ಬಾಡಿಗೆ ಕಟ್ಟಲೇಬೇಕು, ಗಾಡಿಯ ಕಂತು ತುಂಬಲೇಬೇಕು. ದೇಗ್ ಕೊಂಡ ಹಣ ಎಂದೋ ಹೋಗಿದೆ. ಈ ಆರ್ಡರ್ ಒಪ್ಪಿದರೆ ಹೊಸದಾಗಿ ಬರುವ ಖರ್ಚು 105 ಮಾತ್ರ. ಆದ್ದರಿಂದ ಪ್ಲೇಟಿಗೆ 25, ನೂರು ಪ್ಲೇಟಿಗೆ 2,500 ರೂಪಾಯಿ ಉಳಿಯುತ್ತದೆ. ಸುಮ್ಮನೆ ಕೂರುವುದಕ್ಕಿಂತ ಅದು ಮೇಲು. ಅದೇ ಆರ್ಡರ್ ಭಾನುವಾರಕ್ಕೆ ಬಂದು, ಅದನ್ನು ಒಪ್ಪಿಕೊಂಡ ಕಾರಣ 180ರ ದರದ ಮದುವೆಮನೆಯ ನೂರು ಪ್ಲೇಟನ್ನು ಬಿಡಬೇಕಾದರೆ ಲೆಕ್ಕ ತಿರುಗುತ್ತದೆ. ಮದುವೆಮನೆಯಿಂದ ಪ್ಲೇಟಿಗೆ 75ರಂತೆ 7,500 ಬರುತ್ತಿತ್ತು. ಅದನ್ನು ಬಿಟ್ಟು 2,500 ಹಿಡಿದರೆ 5,000 ಕಳೆದುಕೊಂಡ ಹಾಗೆ. ಕೈಬಿಟ್ಟ ಲಾಭ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಆದರೆ ಅದೂ ಖರ್ಚೇ.

ಅಕ್ಕಿಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬಾವರ್ಚಿಯ ಬಳಿ ಇರುವ ಅಕ್ಕಿ ಎರಡು ತಿಂಗಳ ಹಿಂದೆ ಕಿಲೋಗೆ 90ರಂತೆ ತಂದದ್ದು. ಈಗ ಪೇಟೆಯಲ್ಲಿ 115. ಲೆಕ್ಕದಲ್ಲಿ 90 ಹಿಡಿಯಬೇಕೋ 115 ಹಿಡಿಯಬೇಕೋ? ಇಂದು ತೆಗೆದ ಅಕ್ಕಿಯ ಜಾಗಕ್ಕೆ ನಾಳೆ 115 ಕೊಟ್ಟು ತರಬೇಕಾದ್ದರಿಂದ 115ನ್ನೇ ಹಿಡಿಯಬೇಕು. 12 ಕಿಲೋ ಅಕ್ಕಿಗೆ 300 ರೂಪಾಯಿ ವ್ಯತ್ಯಾಸವಾಗುತ್ತದೆ; ಮಂಗಳವಾರದ ನಿಜವಾದ ಉಳಿಕೆ 2,500 ಅಲ್ಲ, 2,200. ಎಲ್ಲ ಆರ್ಡರನ್ನೂ 130ಕ್ಕೆ ಒಪ್ಪುತ್ತಾ ಹೋದರೆ ಬಾಡಿಗೆ ಕಟ್ಟುವುದು ಎಲ್ಲಿಂದ ಎಂದು ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಇದು ಖಾಲಿ ದಿನದ ಲೆಕ್ಕ, ವರ್ಷದ ದರ ನಿಗದಿ ಮಾಡುವ ಲೆಕ್ಕವಲ್ಲ. ಶೆಡ್ಡನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಯೋಚಿಸುವ ದಿನ ಬಾಡಿಗೆಯೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಆಗ ಬಿಟ್ಟರೆ ಅದು ಉಳಿಯುತ್ತದೆ.

ಕಾರಿದ್ದವರ ಮನೆಯಲ್ಲೂ ಇದೇ ಗೊಂದಲ. "ತಿಂಗಳು ತಿಂಗಳು ಇಎಂಐ ಕಟ್ಟುತ್ತಿದ್ದೇವೆ, ಓಡಿಸದಿದ್ದರೆ ನಷ್ಟ" ಎಂದು ಎಲ್ಲ ಪ್ರಯಾಣಕ್ಕೂ ಕಾರನ್ನೇ ತೆಗೆಯುತ್ತಾರೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ ಹದಿನೇಳು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಬೇಕು. ಮೇಲೆ ಟೋಲು, ಪಾರ್ಕಿಂಗು, ಟಯರಿನ ಸವೆತ. ಕಂತು ಮತ್ತು ವಿಮೆ ಕಾರು ನಿಂತರೂ ಓಡಿದರೂ ಒಂದೇ. ಇನ್ನೊಂದು ಕಡೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲ. ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು ಹೋಗುವುದಾದರೆ ಬಸ್ಸಿನಲ್ಲಿ ಹಣ ಕೊಡಬೇಕಾದ್ದು ಒಬ್ಬರಿಗೆ. ವಯಸ್ಸಾದ ಅಜ್ಜಿ ಜೊತೆಗಿದ್ದರೆ, ಸಾಮಾನು ಹೆಚ್ಚಿದ್ದರೆ ಕಾರೇ ಸರಿ ಎನ್ನಿಸಬಹುದು. ಆ ಕಾರಣಕ್ಕೆ ತೆಗೆಯಿರಿ, ಇಎಂಐ ಕಾರಣಕ್ಕೆ ಬೇಡ.

ಮುಂದುವರಿಸುವುದೇ ಸರಿಯಾದಾಗ

ಮುಳುಗಿದ ಖರ್ಚನ್ನು ಮರೆಯಿರಿ ಎಂದರೆ ಅರ್ಧಕ್ಕೆ ನಿಂತ ಎಲ್ಲವನ್ನೂ ಬಿಟ್ಟುಬಿಡಿ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಎಷ್ಟೋ ಸಲ ಇದೇ ಲೆಕ್ಕ ಮುಂದುವರಿಸು ಎಂದು ಹೇಳುತ್ತದೆ.

ಮನೆಯ ಮೇಲೆ ಬಾಡಿಗೆಗೆಂದು ಒಂದು ಅಂತಸ್ತು ಕಟ್ಟಿಸಲು ಹೊರಟಿದ್ದೀರಿ. ಹತ್ತು ಲಕ್ಷದಲ್ಲಿ ಮುಗಿಯುತ್ತದೆ ಎಂದಿದ್ದ ಕಂಟ್ರಾಕ್ಟರ್ ಒಂಬತ್ತು ಲಕ್ಷ ಖರ್ಚಾದ ಮೇಲೆ ಇನ್ನೂ ಆರು ಲಕ್ಷ ಬೇಕು ಎನ್ನುತ್ತಾರೆ. ಬರುವ ಬಾಡಿಗೆ ತಿಂಗಳಿಗೆ 9,000. "ಹದಿನೈದು ಲಕ್ಷ ಸುರಿದು ಒಂಬತ್ತು ಸಾವಿರ ಬಾಡಿಗೆಯೇ? ಇಲ್ಲಿಗೇ ನಿಲ್ಲಿಸೋಣ" ಎಂದು ಮನೆಯಲ್ಲಿ ಬೇಸರ. ಮೊದಲ ದಿನವೇ ಹದಿನೈದು ಎಂದು ಗೊತ್ತಿದ್ದರೆ ಬಹುಶಃ ಕೈಹಾಕಬಾರದಿತ್ತು. ಆದರೆ ಇಂದಿನ ಪ್ರಶ್ನೆ ಹದಿನೈದು ಲಕ್ಷದ್ದಲ್ಲ, ಆರು ಲಕ್ಷದ್ದು. ಆರು ಲಕ್ಷ ಹಾಕಿದರೆ ವರ್ಷಕ್ಕೆ 1,08,000 ಬರುತ್ತದೆ. ಐದೂವರೆ ವರ್ಷದಲ್ಲಿ ಆ ಹಣ ಮರಳಿ, ಆಮೇಲೂ ಬಾಡಿಗೆ ಬರುತ್ತಿರುತ್ತದೆ. ಹಾಗೆಯೇ ಬಿಟ್ಟ ಗೋಡೆಗಳು ಮಳೆ ನೆನೆಯುತ್ತಾ ನಿಲ್ಲುತ್ತವೆ. ಕಟ್ಟಿ ಮುಗಿಸುವುದೇ ಲೇಸು. ಬಳಸದೆ ಉಳಿದ ಕಬ್ಬಿಣ, ಇಟ್ಟಿಗೆ ಇಂದು ಮಾರಿದರೆ ಒಂದು ಲಕ್ಷ ಬರುವಂತಿದ್ದರೆ ಅದನ್ನು ಸೇರಿಸಿ ಮುಗಿಸುವ ಖರ್ಚು ಏಳು ಲಕ್ಷ ಎಂದು ಹಿಡಿಯಬೇಕು. ಆಗಲೂ ಆರೂವರೆ ವರ್ಷದ ಮಾತು.

ಬೋರ್‌ವೆಲ್ಲಿನ ವಿಷಯ ಇಷ್ಟು ಸುಲಭವಲ್ಲ. 650 ಅಡಿ ಕೊರೆದಾಗಿದೆ, ಬರೀ ಧೂಳು. ಇನ್ನೂ ನೂರು ಅಡಿ ಹೋಗುವುದೋ, ಬೇರೆ ಜಾಗ ನೋಡುವುದೋ, ಟ್ಯಾಂಕರ್ ನೀರಿಗೆ ಒಗ್ಗಿಕೊಳ್ಳುವುದೋ? ನಮ್ಮ ರಾಜ್ಯದ ಬಹುಭಾಗ ಗಟ್ಟಿ ಬಂಡೆಯ ನೆಲ. ನೀರು ಬಂಡೆಯ ಬಿರುಕುಗಳಲ್ಲಿ ಇರುತ್ತದೆ. ಇಷ್ಟು ಆಳ ಇಳಿದಿದ್ದೇವೆ ಎಂಬ ಕಾರಣಕ್ಕೆ ಮುಂದಿನ ಬಿರುಕು ಹತ್ತಿರ ಬರುವುದಿಲ್ಲ. ಆಳ ಹೆಚ್ಚಾದಂತೆ ಅಡಿಗೆ ದರವೂ ಏರುತ್ತದೆ. ಹಾಗಾದರೆ ಕೊರೆದ 650 ಅಡಿಗೆ ಬೆಲೆಯೇ ಇಲ್ಲವೇ? ಒಂದು ರೀತಿಯಲ್ಲಿ ಇದೆ. ಇದೇ ಕೊಳವೆಯಲ್ಲಿ 750 ಅಡಿಗೆ ಇಳಿಯಲು ನೂರು ಅಡಿಯ ಹಣ ಸಾಕು, ಬೇರೆ ಜಾಗದಲ್ಲಿ ಅಷ್ಟು ಆಳಕ್ಕೆ ಮೊದಲಿನಿಂದ ಕೊಡಬೇಕು. ಕಳೆದುಹೋದ ಖರ್ಚು ಮುಂದಿನ ಖರ್ಚನ್ನು ಕಡಿಮೆ ಮಾಡಿದ್ದರೆ ಆ ಕಡಿತ ಲೆಕ್ಕಕ್ಕೆ ಬರುತ್ತದೆ. ಅಕ್ಕಪಕ್ಕದ ತೋಟಗಳಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿದೆ ಎಂಬ ಮಾಹಿತಿಯೂ ಬರುತ್ತದೆ. ಗಾಡಿ ನಿಂತಿರುವಾಗ, ರಾತ್ರಿ ಹನ್ನೊಂದು ಗಂಟೆಗೆ, ಧೂಳಿನ ನಡುವೆ ಈ ನಿರ್ಧಾರ ಸರಿಯಾಗಿ ಆಗುವುದಿಲ್ಲ. ಎಷ್ಟು ಅಡಿಗೆ ನಿಲ್ಲಿಸುತ್ತೇವೆ ಎಂಬುದನ್ನು ಗಾಡಿ ಬರುವ ಮುಂಚೆಯೇ ಮನೆಯಲ್ಲಿ ಕೂತು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನೀಟ್ ಪರೀಕ್ಷೆಗೆ ಮೂರನೇ ಸಲ ಕೂರುವ ಮಗಳ ವಿಷಯದಲ್ಲೂ ಹೀಗೆಯೇ ಎರಡನ್ನು ಬೇರ್ಪಡಿಸಬೇಕು. ಕೋಚಿಂಗಿಗೆ ಕಟ್ಟಿದ ಎರಡು ಲಕ್ಷ ಮುಳುಗಿದ್ದು. ಆದರೆ 720ರಲ್ಲಿ ಮೊದಲ ಸಲ 310, ಎರಡನೇ ಸಲ 345 ಬಂತು ಎಂಬುದು ಮಾಹಿತಿ. ಹಣವನ್ನು ಮರೆಯಿರಿ, ಮಾಹಿತಿಯನ್ನು ಮರೆಯಬೇಡಿ. ಒಂದು ವರ್ಷದಲ್ಲಿ 35 ಅಂಕ ಏರಿದ ಹುಡುಗಿಗೆ ಇನ್ನೊಂದು ವರ್ಷ ಕೊಟ್ಟರೆ ಸೀಟಿನ ಹತ್ತಿರ ಬರುತ್ತಾಳೆಯೇ, ಅದೇ ವರ್ಷದಲ್ಲಿ ಬಿ.ಎಸ್‌ಸಿ ನರ್ಸಿಂಗ್ ಅಥವಾ ಬೇರೆ ಪದವಿಯ ಮೊದಲ ವರ್ಷ ಮುಗಿಸಬಹುದಿತ್ತಲ್ಲ, ಅವಳಿಗೇ ಮನಸ್ಸು ಎಲ್ಲಿದೆ ಎಂದು ಕೇಳಿ ನೋಡಿ. "ನಿನಗಾಗಿ ಎರಡು ಲಕ್ಷ ಸುರಿದಿದ್ದೇವೆ" ಎಂಬ ಮಾತು ಅವಳ ಕಿವಿಗೆ ಬಿದ್ದ ಮೇಲೆ ಕೊನೆಯ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದಿಲ್ಲ.

ಗಲ್ಫಿನ ಲೆಕ್ಕ

ಏಜೆಂಟನಿಗೆ ಒಂದೂವರೆ ಲಕ್ಷ ಕೊಟ್ಟು, ಸಾಲ ಮಾಡಿ ಗಲ್ಫಿಗೆ ಹೋದ ಹುಡುಗನೊಬ್ಬ ಆರು ತಿಂಗಳಲ್ಲಿ ಫೋನ್ ಮಾಡುತ್ತಾನೆ. ಹೇಳಿದ ಕೆಲಸವಲ್ಲ, ಹೇಳಿದ ಸಂಬಳವಲ್ಲ. ಮನೆಯವರ ಉತ್ತರ ಸಿದ್ಧ: "ಒಂದೂವರೆ ಲಕ್ಷ ಸಾಲ ಇದೆ, ಅದು ತೀರುವವರೆಗಾದರೂ ಇರು." ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಾಲದ ಕಂತು ಅವನು ಅಲ್ಲಿದ್ದರೂ ಕಟ್ಟಬೇಕು, ಇಲ್ಲಿಗೆ ಬಂದರೂ ಕಟ್ಟಬೇಕು. ಎರಡೂ ಕಡೆ ಒಂದೇ ಆದ್ದರಿಂದ ಅದು ಆಯ್ಕೆಯನ್ನು ತೀರ್ಮಾನಿಸಲಾರದು. ತೀರ್ಮಾನಿಸಬೇಕಾದ್ದು, ಕಂತಿಗೆ ಮುಂಚೆ ಎಲ್ಲಿ ಎಷ್ಟು ಉಳಿಯುತ್ತದೆ ಎಂಬುದು. ಅಲ್ಲಿ ತಿಂಗಳಿಗೆ 14,000, ಊರಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸದಲ್ಲಿ 11,000 ಉಳಿಯುತ್ತದೆ ಎಂದಾದರೆ ವ್ಯತ್ಯಾಸ 3,000. ಮನೆಯಿಂದ ದೂರವಿರುವುದಕ್ಕೆ, ಆ ಕೆಲಸದ ಕಷ್ಟಕ್ಕೆ ಆ 3,000 ಸಾಕೇ ಎಂದು ಅವನೇ ಹೇಳಲಿ. ವ್ಯತ್ಯಾಸ 20,000 ಇದ್ದರೆ ಸಾಲ ಇಲ್ಲದಿದ್ದರೂ ಇರುವುದಕ್ಕೆ ಕಾರಣವಿದೆ. ಕರಾರು ಮುರಿದು ಬಂದರೆ ಕೊಡಬೇಕಾದ ಪರಿಹಾರ, ವಿಮಾನದ ಟಿಕೆಟು, ಮತ್ತೆ ವೀಸಾಕ್ಕೆ ತೊಡಕು ಇವೆಲ್ಲ ಮುಂದಿನ ಖರ್ಚುಗಳು. ಇವನ್ನು ಬರುವ ಕಡೆಯ ಲೆಕ್ಕಕ್ಕೆ ಸೇರಿಸಬೇಕು. ಏಜೆಂಟನಿಂದ ವಾಪಸು ವಸೂಲಿಗೆ ದಾರಿಯಿದ್ದರೆ ಅದನ್ನೂ ಪ್ರಯತ್ನಿಸಬೇಕು, ಆದರೆ ಅದಕ್ಕೂ ಇರು, ಬಾ ಎಂಬುದಕ್ಕೂ ಬೆರೆಸಬಾರದು.

ಇನ್ನು ಇದಕ್ಕೆ ತಿರುವುಮುರುವಾದ ಸಂದರ್ಭ. ಸೌದಿಯಲ್ಲಿ ಒಂಬತ್ತು ವರ್ಷ ಎಂಟು ತಿಂಗಳು ದುಡಿದವರೊಬ್ಬರು ಸಾಕಾಗಿದೆ, ರಾಜೀನಾಮೆ ಕೊಟ್ಟು ಬರುತ್ತೇನೆ ಎನ್ನುತ್ತಾರೆ. "ಇಷ್ಟು ವರ್ಷ ಇದ್ದೀರಿ, ಹತ್ತು ತುಂಬಿಸಿ ಬನ್ನಿ" ಎಂದು ಪತ್ನಿ ಹೇಳಿದರೆ ಅದು ಮುಳುಗಿದ ಖರ್ಚಿನ ಮಾತಿನಂತೆ ಕೇಳುತ್ತದೆ, ಆದರೆ ಅಲ್ಲ. ಸೌದಿ ಕಾರ್ಮಿಕ ಕಾನೂನಿನಲ್ಲಿ ಸೇವಾಂತ್ಯದ ಮೊತ್ತ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಕಾರ್ಮಿಕರೇ ರಾಜೀನಾಮೆ ಕೊಟ್ಟರೆ ಎರಡು ವರ್ಷಕ್ಕೆ ಮುಂಚೆ ಏನೂ ಇಲ್ಲ. ಎರಡರಿಂದ ಐದು ವರ್ಷದವರೆಗೆ ಅದರ ಮೂರನೇ ಒಂದು ಭಾಗ. ಐದು ದಾಟಿ ಹತ್ತು ತುಂಬದಿದ್ದರೆ ಮೂರನೇ ಎರಡು ಭಾಗ. ಹತ್ತು ತುಂಬಿದರೆ ಪೂರ್ತಿ. ಕೊನೆಯ ಸಂಬಳ 3,000 ರಿಯಾಲ್ ಎಂದು ಹಿಡಿದರೆ ಇಂದು ಬಿಟ್ಟರೆ ಕೈಗೆ ಬರುವುದು ಸುಮಾರು 14,333 ರಿಯಾಲ್. ನಾಲ್ಕು ತಿಂಗಳು ತಾಳಿದರೆ 22,500. ಆ ನಾಲ್ಕು ತಿಂಗಳ ಸಂಬಳದ ಮೇಲೆ ಎಂಟು ಸಾವಿರಕ್ಕೂ ಹೆಚ್ಚು ರಿಯಾಲ್ ಬೇರೆ. ಇದು ಹಿಂದಿನ ಒಂಬತ್ತು ವರ್ಷದ ಹಂಗಲ್ಲ, ಮುಂದಿನ ನಾಲ್ಕು ತಿಂಗಳ ಗಳಿಕೆ. ತಾಳಬೇಕು.

ಕರಾರಿನಿಂದ ಹೊರಬರುವ ವೆಚ್ಚ ಎಂದಾಗ ಕಾಂಕಾರ್ಡ್ ವಿಮಾನದ ಕಥೆಯನ್ನು ಹೇಳದೆ ಇರಲಾಗದು. ಮುಳುಗಿದ ಖರ್ಚಿನ ಬೆನ್ನುಹತ್ತುವುದಕ್ಕೆ "ಕಾಂಕಾರ್ಡ್ ತಪ್ಪು" ಎಂದೇ ಇಂಗ್ಲಿಷಿನಲ್ಲಿ ಹೆಸರು ಬಿದ್ದಿದೆ. ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನ ಕಟ್ಟಲು ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಒಪ್ಪಂದ ಮಾಡಿಕೊಂಡವು. ಖರ್ಚು ಅಂದಾಜನ್ನು ಮೀರಿ ಹಲವು ಪಟ್ಟು ಏರಿತು, ಕೊಳ್ಳುವವರು ಹಿಂದೆ ಸರಿದರು. ಆದರೂ ಬಿಡಲಿಲ್ಲ. ಕೊನೆಗೆ ಕಟ್ಟಿದ್ದು 20 ವಿಮಾನ, ಪ್ರಯಾಣಿಕರನ್ನು ಹೊತ್ತದ್ದು ಅವೆರಡು ದೇಶಗಳ ಕಂಪನಿಗಳ 14 ಮಾತ್ರ, 1976ರಿಂದ 2003ರವರೆಗೆ. ಹಾಕಿದ ಹಣದ ಮೋಹದಿಂದಲೇ ಬಿಡಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. 1964ರಲ್ಲಿ ಬ್ರಿಟನ್ನಿನ ಹೊಸ ಸರ್ಕಾರ ಹೊರಬರಲು ನೋಡಿತು. ಒಪ್ಪಂದದಲ್ಲಿ ಒಂದೇ ಕಡೆಯವರು ಬಿಟ್ಟುಹೋಗಲು ದಾರಿಯನ್ನೇ ಇಟ್ಟಿರಲಿಲ್ಲ. ಬಿಟ್ಟರೆ ಫ್ರಾನ್ಸಿಗೆ ಪರಿಹಾರ ಕೊಡಬೇಕಾಗುತ್ತಿತ್ತು, ಅದು ಮುಳುಗಿದ ಖರ್ಚಲ್ಲ, ಮುಂದಿನ ಖರ್ಚು. ಸಹಿ ಹಾಕುವ ದಿನವೇ ಬಿಡುವ ಷರತ್ತನ್ನು ಓದಿಕೊಳ್ಳಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಗೊತ್ತಿಲ್ಲ.

ಮುಂಗಡ ಕೊಟ್ಟ ಮೇಲೆ

ಇಷ್ಟು ಹೊತ್ತು ಹಣದ ಮಾತಾಯಿತು. ಹಣಕ್ಕಿಂತ ದೊಡ್ಡದು ತಕ್ಕಡಿಯಲ್ಲಿ ಇರುವುದು ಮದುವೆಯ ವಿಷಯದಲ್ಲಿ.

ನಿಕಾಹ್‌ಗೆ ಮೂರು ವಾರ ಇದೆ. ಹುಡುಗನ ಬಗ್ಗೆ ಮುಚ್ಚಿಟ್ಟಿದ್ದ ಒಂದು ಗಂಭೀರ ವಿಷಯ ಹೊರಬರುತ್ತದೆ. ಕುಡಿತವಿರಬಹುದು, ಮೊದಲೇ ಆಗಿದ್ದ ಮದುವೆಯಿರಬಹುದು. ವಿಚಾರಿಸಿದಾಗ ನಿಜವೆಂದು ತಿಳಿಯುತ್ತದೆ. ಹುಡುಗಿ ಬೇಡ ಎನ್ನುತ್ತಾಳೆ. ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. ಶಾದಿಮಹಲ್‌ಗೆ 60,000 ಮುಂಗಡ, ಕಾರ್ಡ್ ಅಚ್ಚಾಗಿ ಅರ್ಧ ಹಂಚಿದೆ, ಬಟ್ಟೆ ಹೊಲಿಸಿದೆ, ಒಡವೆ ತಂದಿದೆ. "ಈಗ ನಿಲ್ಲಿಸಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ."

ಒಂದೊಂದಾಗಿ ನೋಡೋಣ. ಮಹಲ್‌ನ ಮುಂಗಡ ಮದುವೆ ನಡೆದರೂ ವಾಪಸು ಬರುವುದಿಲ್ಲ, ನಿಂತರೂ ಪೂರ್ತಿ ಬಾರದು. ಕಾರ್ಡಿನ ಹಣವೂ ಅಷ್ಟೇ. ಒಡವೆ ಮುಳುಗಿದ ಖರ್ಚಲ್ಲ; ಕೂಲಿ ಮತ್ತು ಶೇಕಡಾ 3ರ ಜಿಎಸ್‌ಟಿ ಹೋಯಿತು, ಆದರೆ ಚಿನ್ನಕ್ಕೆ ಇಂದಿನ ಬೆಲೆಯಿದೆ, ಅದು ಮಗಳ ಬಳಿಯೇ ಉಳಿಯುತ್ತದೆ. ಬಟ್ಟೆಯೂ ಉಳಿಯುತ್ತದೆ. ಇನ್ನೊಂದು ಕಡೆ, ಮುಂದುವರಿಸಿದರೆ ಮಹಲ್‌ನ ಬಾಕಿ, ಊಟದ ಖರ್ಚು, ಬಸ್ಸಿನ ಬಾಡಿಗೆ ಇನ್ನೂ ಕೊಡಬೇಕು. ನಿಲ್ಲಿಸಿದರೆ ಅವೆಲ್ಲ ಉಳಿಯುತ್ತವೆ. ಬರೀ ರೂಪಾಯಿಯ ಲೆಕ್ಕ ಹಾಕಿದರೂ ಹಲವು ಮನೆಗಳಲ್ಲಿ ನಿಲ್ಲಿಸುವ ಕಡೆಯೇ ಅಗ್ಗವಾಗಿ ಬರುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಹಿರಿಯರಿಗೆ ಆಶ್ಚರ್ಯವಾಗುವುದುಂಟು.

"ಜನ ಏನೆಂದುಕೊಂಡಾರು?" ಇದನ್ನು ತಳ್ಳಿಹಾಕಬೇಡಿ. ಅದು ಮುಂದೆ ಬರುವಂಥದ್ದು, ಎರಡು ದಾರಿಯಲ್ಲಿ ಬೇರೆ ಬೇರೆಯಾಗಿರುವಂಥದ್ದು, ಆದ್ದರಿಂದ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಹೆಣ್ಣಿನ ಕಡೆಯವರಿಗೆ ಅದರ ಭಾರ ಹೆಚ್ಚು ಎಂಬುದೂ ಸುಳ್ಳಲ್ಲ. ಆದರೆ ತಕ್ಕಡಿಯ ಒಂದು ಕಡೆ ಅದನ್ನು ಇಟ್ಟರೆ ಇನ್ನೊಂದು ಕಡೆ ಮಗಳ ಮುಂದಿನ ಮೂವತ್ತು ನಲವತ್ತು ವರ್ಷ ಇಡಬೇಕು. ಆಗ ಮುರಿದುಬೀಳಬಹುದಾದ ಮದುವೆ, ತಲಾಕ್ ಅಥವಾ ಖುಲಾ, ಮಕ್ಕಳಿದ್ದರೆ ಅವರ ಪಾಡು, ಆಗಲೂ ಆಡಿಕೊಳ್ಳುವ ಅದೇ ಜನ, ಇವೆಲ್ಲವೂ ಮುಂದಿನ ಖರ್ಚಿನ ಪಟ್ಟಿಗೆ ಸೇರುತ್ತವೆ. ಮೊಹಲ್ಲಾದ ಮಾತು ಮುಂದಿನ ಸುದ್ದಿ ಬರುವವರೆಗೆ ಇರುತ್ತದೆ ಎಂದು ನನ್ನ ಅಂದಾಜು.

ಇಂಥ ಸಂದರ್ಭದಲ್ಲಿ ಹಿರಿಯರೊಂದಿಗೆ ಮಾತನಾಡುವುದು ಕಷ್ಟ. ಮುಂಗಡ ಕೊಟ್ಟವರು ಅವರೇ. "ನೀವು ಹಣ ಹಾಳುಮಾಡಿದಿರಿ" ಎಂದು ಕೇಳಿಸಿದರೆ ಹಟ ಹಿಡಿಯುತ್ತಾರೆ, ಅದು ಸಹಜ. ಅದಕ್ಕಿಂತ, "ಅಬ್ಬಾ, ಇನ್ನೂ ಏನೂ ಕೊಟ್ಟಿಲ್ಲ, ಕಾರ್ಡೂ ಅಚ್ಚಾಗಿಲ್ಲ ಎಂದುಕೊಳ್ಳಿ; ಈ ವಿಷಯ ಗೊತ್ತಾದ ಮೇಲೆ ಇಂದು ಈ ಸಂಬಂಧ ಬಂದಿದ್ದರೆ ಒಪ್ಪುತ್ತಿದ್ದಿರಾ?" ಎಂದು ಕೇಳಿದರೆ ಮುಂಗಡದ ಮಾತು ತಾನಾಗಿ ಬದಿಗೆ ಸರಿಯುತ್ತದೆ. ಒಪ್ಪುತ್ತಿದ್ದೆ ಎಂದು ಅವರು ಹೇಳಿದರೆ ಅವರ ಕಾರಣ ಏನೆಂದು ಕೇಳಬೇಕು, ಕೆಲವೊಮ್ಮೆ ಕಿರಿಯರಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಮಹಲ್‌ನ ಹಣವನ್ನು ಪೂರ್ತಿ ಮುಳುಗಿತು ಎಂದು ತೀರ್ಮಾನಿಸುವ ಮುಂಚೆ ರಸೀದಿಯನ್ನು ತೆಗೆದು ಓದಿ. ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ವಾಪಸು ಎಂದು ಬರೆದಿದ್ದರೆ ಪ್ರತಿ ದಿನದ ತಡಕ್ಕೂ ಬೆಲೆಯಿದೆ, ಅಂದೇ ಹೋಗಿ ಬರಹದಲ್ಲಿ ತಿಳಿಸಬೇಕು. ಬರೆದಿಲ್ಲದಿದ್ದರೆ ಮಹಲ್‌ನವರನ್ನು ಕೇಳಿ: ಅದೇ ತಾರೀಖಿಗೆ ಬೇರೆಯವರು ಬಂದರೆ ಮುಂಗಡ ಕೊಡುತ್ತೀರಾ, ಇಲ್ಲವೇ ಮುಂದಿನ ಯಾವುದಾದರೂ ದಿನಕ್ಕೆ ಬದಲಾಯಿಸುತ್ತೀರಾ? ಶವ್ವಾಲ್‌ನಂಥ ಮದುವೆಯ ತಿಂಗಳಲ್ಲಿ ತಾರೀಖು ಸಿಗದೆ ಅಲೆಯುವ ಮನೆಯವರು ಇದ್ದೇ ಇರುತ್ತಾರೆ. ಅಂಥವರನ್ನು ನೀವೇ ಹುಡುಕಿಕೊಟ್ಟರೆ ಮಹಲ್‌ನವರಿಗೆ ಬೇಡ ಎನ್ನಲು ಕಾರಣ ಕಡಿಮೆ. ಜಮಾಅತ್‌ನ ಕಚೇರಿಯಲ್ಲಿ ಒಂದು ಮಾತು ಹಾಕಿದರೆ ಅಂಥ ಮನೆ ಎರಡು ದಿನದಲ್ಲಿ ಸಿಗುವುದುಂಟು.